ಮಠ, ಜಮಾತ್, ಚರ್ಚ್, ಜೈನ ಸಂಘ ಸೇರಿ ವಿಕಲಚೇತನರ ಸೇವೆ: ತುಮಕೂರು ಜಿಲ್ಲೆಯಲ್ಲಿ ಎಲ್ಲಿಂದ ಶುರು ಮಾಡೋದು?

ಜಯಮಂಗಲಿ

ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡೋರಿಗೆ ಕೊರತೆ ಇಲ್ಲ. ಜೈನ ಸಂಘದವರು ಕೃತಕ ಕಾಲು ಜೋಡಣೆ ಶಿಬಿರ ಮಾಡ್ತಾರೆ, ಜಮಾತ್‌ನವರು ಟ್ರೈಸಿಕಲ್ ಕೊಡ್ತಾರೆ, ಚರ್ಚ್‌ನವರು ಫಿಸಿಯೋಥೆರಪಿ ನಡೆಸ್ತಾರೆ, ಮಠಗಳಲ್ಲಿ ದಾಸೋಹ ಮತ್ತು ವಸತಿ ಇದೆ. ಆದರೆ ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಗೊತ್ತಿಲ್ಲ. ಮಧುಗಿರಿ, ಪಾವಗಡ, ಸಿರಾ ಭಾಗದಲ್ಲಿ ನಾಲ್ಕೂ ಕಡೆಯವರು ಸೇರಿ ಒಂದು ವ್ಯವಸ್ಥೆ ಮಾಡಲು ತಾತ್ವಿಕವಾಗಿ ಒಪ್ಪಿದ್ದಾರೆ. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದೊಳಗೆ ಏನಾದರೂ ಆಗಬೇಕು ಅನ್ನೋದು ಅವರ ಆಸೆ. ಹಣ ಕೊಡೋರು ತಯಾರಿದ್ದಾರೆ. ಏನು ಕೊಳ್ಳಬೇಕು, ಲೆಕ್ಕ ಹೇಗೆ ಇಡಬೇಕು, ಎಲ್ಲಿ ಎಡವುತ್ತೇವೆ ಅನ್ನೋದನ್ನ ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ವಿವರವಾಗಿ ಬರೆಯಿರಿ.

ಗಾಲಿ ಮೆಕ್ಯಾನಿಕ್

ಮೊದಲ ಮಾತು: ಅಳತೆ ತಗೊಳ್ಳದೆ ಒಂದೂ ವೀಲ್‌ಚೇರ್ ಕೊಳ್ಳಬೇಡಿ. ದಾನಿಗಳು ಸಾಮಾನ್ಯವಾಗಿ ಆರ್ಡರ್ ಮಾಡೋದು 18 ಇಂಚಿನ ಮಡಚುವ ಆಸ್ಪತ್ರೆ ಕುರ್ಚಿ. ಅದು ರೋಗಿಯನ್ನ ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ತಳ್ಳೋಕೆ ಮಾಡಿದ್ದು, ದಿನಕ್ಕೆ ಹತ್ತು ಗಂಟೆ ಕೂರೋಕೆ ಅಲ್ಲ. ಸಣ್ಣ ಮೈಯವರು ಅದರಲ್ಲಿ ಕೂತರೆ ಒಂದು ಪಕ್ಕಕ್ಕೆ ವಾಲ್ತಾರೆ, ಬೆನ್ನು ಸೊಟ್ಟ ಆಗುತ್ತೆ, ಭುಜ ಎತ್ತಿ ಗಾಲಿ ತಳ್ಳಬೇಕಾಗುತ್ತೆ. ಮಕ್ಕಳಿಗಂತೂ ಅದು ಬರೀ ಹಾನಿ.

ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ ಅಳೆಯಿರಿ. ಸೊಂಟದ ಅಗಲಕ್ಕೆ ಎರಡೂ ಕಡೆ ಒಂದೊಂದು ಬೆರಳಿನಷ್ಟು ಜಾಗ ಸೇರಿಸಿದರೆ ಸೀಟಿನ ಅಗಲ. ಪೃಷ್ಠದ ಹಿಂಬದಿಯಿಂದ ಮಂಡಿ ಹಿಂದಿನ ಮಡಿಕೆವರೆಗಿನ ಉದ್ದದಲ್ಲಿ ಎರಡರಿಂದ ಮೂರು ಬೆರಳು ಕಳೆದರೆ ಸೀಟಿನ ಆಳ. ಆಳ ಜಾಸ್ತಿಯಾದರೆ ಸೀಟಿನ ಅಂಚು ಮಂಡಿ ಹಿಂದೆ ಒತ್ತುತ್ತೆ, ಮನುಷ್ಯ ಮುಂದಕ್ಕೆ ಜಾರಿ ಬಾಲಮೂಳೆ ಮೇಲೆ ಕೂರ್ತಾನೆ, ಹುಣ್ಣು ಅಲ್ಲಿಂದಲೇ ಶುರು. ಮಂಡಿಯಿಂದ ಹಿಮ್ಮಡಿವರೆಗಿನ ಅಳತೆ ಕಾಲಿಡೋ ತಟ್ಟೆಗೆ. ತಟ್ಟೆ ತೀರಾ ಎತ್ತರ ಇದ್ದರೆ ತೊಡೆ ಸೀಟಿನಿಂದ ಮೇಲೆದ್ದು ಭಾರವೆಲ್ಲ ಕುಂಡೆ ಮೂಳೆ ಮೇಲೆ ಬೀಳುತ್ತೆ.

ಬೆನ್ನುಹುರಿ ಪೆಟ್ಟಾದವರಿಗೆ ಒತ್ತಡ ತಗ್ಗಿಸೋ ಕುಶನ್ ಇಲ್ಲದೆ ಕುರ್ಚಿ ಕೊಡೋದು ಅಂದರೆ ಹಾಸಿಗೆ ಹುಣ್ಣು ಕೊಟ್ಟ ಹಾಗೆ. ಸ್ಪರ್ಶ ಗೊತ್ತಾಗದ ಕಾರಣ ಹುಣ್ಣು ಮೂಳೆ ಮುಟ್ಟುವವರೆಗೂ ತಿಳಿಯಲ್ಲ. 20 ನಿಮಿಷಕ್ಕೊಮ್ಮೆ ಕೈ ಊರಿ ಪೃಷ್ಠ ಎತ್ತೋದು, ಆಗದಿದ್ದರೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಇರೋದು, ಇದನ್ನ ಮನೆಯವರಿಗೂ ಹೇಳಿಕೊಟ್ಟೇ ಕಳಿಸಬೇಕು.

ಪಾವಗಡ, ಸಿರಾ ಕಡೆ ಜಾಲಿ ಮುಳ್ಳು. ಗಾಳಿ ಟ್ಯೂಬು ವಾರ ಬಾಳಲ್ಲ, ಪಂಕ್ಚರ್ ಆದ ಕುರ್ಚಿ ಮೂಲೆ ಸೇರುತ್ತೆ. ಹಿಂದಿನ ದೊಡ್ಡ ಗಾಲಿಗೆ ಸಾಲಿಡ್ ಟೈರ್ ಹಾಕಿಸಿ. ಕುಲುಕಾಟ ಸ್ವಲ್ಪ ಹೆಚ್ಚು, ಮರಳಲ್ಲಿ ಭಾರ, ಆದರೂ ಓಡಾಡ್ತಾ ಇರುತ್ತೆ. ಮುಂದಿನ ಪುಟ್ಟ ಗಾಲಿ ಅಗಲವಾಗಿರಲಿ. ಕಿರಿದಾದ ಗಟ್ಟಿ ಗಾಲಿ ಮಣ್ಣಲ್ಲಿ ಹೂತುಕೊಂಡರೆ ಕೂತವರು ಮುಗ್ಗರಿಸಿ ಬೀಳ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2008ರ ಮಾರ್ಗಸೂಚಿಯಲ್ಲಿ ವೀಲ್‌ಚೇರ್ ಸೇವೆಗೆ ಎಂಟು ಹಂತ ಹೇಳಿದೆ. ಹುಡುಕಿ ಕಳಿಸೋದು, ತಪಾಸಣೆ, ಯಾವ ಕುರ್ಚಿ ಅಂತ ಬರೆಯೋದು, ಹಣ ಮತ್ತು ಆರ್ಡರ್, ಜೋಡಣೆ, ಕೂರಿಸಿ ಸರಿಮಾಡೋದು, ತರಬೇತಿ, ಆಮೇಲಿನ ವಿಚಾರಣೆ. ನಮ್ಮ ಶಿಬಿರಗಳಲ್ಲಿ ಆಗೋದು ನಾಲ್ಕನೆಯದು ಮಾತ್ರ. ನಾಲ್ಕು ಸಂಸ್ಥೆ ಸೇರಿದರೆ ಉಳಿದ ಏಳನ್ನ ಹಂಚಿಕೊಳ್ಳಬಹುದು. ಸೇರೋದರಿಂದ ಆಗೋ ಲಾಭ ಇದೇ.

ಲೆಕ್ಕಪತ್ರ

ಜಯಮಂಗಲಿಯವರೇ, "ಒಂದು ಜಂಟಿ ಖಾತೆ ತೆರೆದು ಎಲ್ಲರೂ ಹಣ ಹಾಕೋಣ" ಅನ್ನೋ ಮಾತು ಸಭೆಯಲ್ಲಿ ಖಂಡಿತ ಬರುತ್ತೆ. ಅದನ್ನ ಅಲ್ಲೇ ನಿಲ್ಲಿಸಿ. ಹಣ ಕೂಡಿಸಬೇಡಿ, ಕೆಲಸ ಹಂಚಿಕೊಳ್ಳಿ.

ಚರ್ಚ್ ಸಂಸ್ಥೆಗೆ ವಿದೇಶಿ ದೇಣಿಗೆ ಬರ್ತಿದ್ದರೆ, ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಪ್ರಕಾರ ಆ ಹಣವನ್ನ ಬೇರೆ ಯಾವ ಸಂಸ್ಥೆಗೂ ವರ್ಗಾಯಿಸುವಂತಿಲ್ಲ. ಪಡೆಯೋರ ಬಳಿ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಇಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿದಿದೆ. ಜಂಟಿ ಖಾತೆಗೆ ಒಂದು ರೂಪಾಯಿ ಹೋದರೂ ಅವರ ನೋಂದಣಿಗೇ ಕುತ್ತು. ಅದೇ ಹಣದಿಂದ ಅವರು ತಮ್ಮ ಹೆಸರಲ್ಲೇ ಫಿಸಿಯೋಥೆರಪಿಸ್ಟ್ ನೇಮಿಸಿ ಸಂಬಳ ಕೊಟ್ಟು, ಆ ವ್ಯಕ್ತಿ ಮಠದ ಕಟ್ಟಡದಲ್ಲಿ ಕೂತು ಎಲ್ಲರಿಗೂ ಚಿಕಿತ್ಸೆ ಕೊಡಲಿ. ಆಗ ತೊಂದರೆ ಇಲ್ಲ.

ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನ ಇದ್ದರೆ ಹುಂಡಿ ಹಣ ಸಮಿತಿಯವರು ತಮ್ಮಿಷ್ಟದಂತೆ ಖರ್ಚು ಮಾಡೋಕೆ ಬರಲ್ಲ, ಇಲಾಖೆ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತೆ. ಅಂಥವರಿಂದ ಜಾಗ, ನೀರು, ಊಟದ ಮನೆ ಕೇಳಿ. ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ದೇಣಿಗೆ ಕೊಟ್ಟರೆ, 2023ರ ಹಣಕಾಸು ಕಾಯ್ದೆಯ ಬದಲಾವಣೆಯಿಂದ, ಕೊಟ್ಟ ಮೊತ್ತದ ಶೇ. 85 ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ಲೆಕ್ಕಕ್ಕೆ ಬರುತ್ತೆ. ಆದ್ದರಿಂದ ಅಂಗಡಿಯವನಿಗೆ, ತಯಾರಕನಿಗೆ, ಕೆಲಸಗಾರನಿಗೆ ಆಯಾ ಸಂಸ್ಥೆಯೇ ನೇರ ಬಿಲ್ ಕಟ್ಟಲಿ. ದಾನಿಗಳಿಗೂ ಹೇಳಿ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದೇಣಿಗೆಗೆ ಸಿಗೋ ಆದಾಯ ತೆರಿಗೆ ರಿಯಾಯಿತಿ (80ಜಿ) ಸಿಗಲ್ಲ.

ಒಡಂಬಡಿಕೆ ಎರಡು ಪುಟ ಸಾಕು. ಯಾರು ಯಾವ ಕೆಲಸ, ವಸ್ತು ಯಾರ ಸ್ವತ್ತು, ಕೆಟ್ಟರೆ ಯಾರು ರಿಪೇರಿ, ಒಬ್ಬರು ಹಿಂದೆ ಸರಿದರೆ ಎಷ್ಟು ತಿಂಗಳ ಮುನ್ಸೂಚನೆ. ಕೊನೆಯದನ್ನ ಬರೆಯೋಕೆ ಎಲ್ಲರೂ ಸಂಕೋಚ ಪಡ್ತಾರೆ. ಬರೆಯದಿದ್ದರೆ ಫಿಸಿಯೋಥೆರಪಿ ಅರ್ಧಕ್ಕೆ ನಿಂತ ಮಗುವಿನ ಕೈಕಾಲು ಮತ್ತೆ ಬಿಗಿಯುತ್ತೆ.

ಸಿರಾ ಸೀಮೆ

ಲೆಕ್ಕಪತ್ರ ಸಾಬ್ ಹೇಳಿದ್ದಕ್ಕೆ ಜಕಾತ್ ವಿಷಯ ಸೇರಿಸ್ತೀನಿ, ಏಕೆಂದರೆ ಇಲ್ಲೇ ಹೆಚ್ಚು ತಪ್ಪು ತಿಳುವಳಿಕೆ. ಉಳಿತಾಯದ ಮೇಲೆ ಶೇ. 2.5 ಕೊಡೋ ಜಕಾತ್ ಅರ್ಹ ವ್ಯಕ್ತಿಯ ಸ್ವತ್ತಾಗಬೇಕು ಅನ್ನೋದು ನಮ್ಮಲ್ಲಿ ಪಾಲಿಸೋ ನಿಯಮ. ಹಾಗಾಗಿ ಟ್ರೈಸಿಕಲ್ಲು, ಶ್ರವಣ ಸಾಧನ, ಕೈಗೆ ಕೊಡೋ ಔಷಧಿ ಇದಕ್ಕೆ ಸರಿ. ರಿಪೇರಿ ಶೆಡ್ಡಿನ ಬಾಡಿಗೆ, ಮೆಕ್ಯಾನಿಕ್ ಸಂಬಳ, ರ‍್ಯಾಂಪ್ ಕಟ್ಟೋದು ಇದಕ್ಕೆ ಜಕಾತ್ ಬಳಸಬಾರದು ಅಂತಲೇ ಬಹುತೇಕ ಉಲಮಾಗಳು, ಅಂದರೆ ಧರ್ಮಪಂಡಿತರು, ಹೇಳ್ತಾರೆ. ಅದಕ್ಕೆ ಸದಕಾ, ಅಂದರೆ ಸ್ವಇಚ್ಛೆಯ ದಾನದ ಹಣ ಇದೆ. ಜಕಾತ್ ಮುಸ್ಲಿಂ ಬಡವರಿಗೆ ಅನ್ನೋದೂ ಬಹುತೇಕರ ಅಭಿಪ್ರಾಯ. ಸದಕಾಗೆ ಆ ಕಟ್ಟು ಇಲ್ಲ, ಯಾರಿಗೂ ಕೊಡಬಹುದು.

ಇದರಿಂದ ಒಂದು ತೊಡಕು ಬರುತ್ತೆ. ಸಾಮಾನ್ಯ ಪಟ್ಟಿಯಲ್ಲಿ ಧರ್ಮದ ಕಾಲಂ ಇರಬಾರದು ಅಂತ ಎಲ್ಲರೂ ಹೇಳ್ತಾರೆ, ನಾನೂ ಒಪ್ತೀನಿ. ಆದರೆ ಜಕಾತ್ ಕೊಡೋ ಸಮಿತಿ ಅರ್ಹತೆ ನೋಡಲೇಬೇಕು. ಉಪಾಯ ಇಷ್ಟೇ: ಪಟ್ಟಿಯಲ್ಲಿ ಧರ್ಮ ಬೇಡ, ಅಗತ್ಯ ಮತ್ತು ಕ್ರಮಸಂಖ್ಯೆ ಇರಲಿ. ಜಕಾತ್ ಬೇಕೆಂದು ಮನೆಯವರೇ ಅರ್ಜಿ ಕೊಟ್ಟರೆ ಜಮಾತ್ ತನ್ನ ಪುಸ್ತಕದಲ್ಲಿ ಪ್ರತ್ಯೇಕವಾಗಿ ವಿಚಾರಿಸಲಿ, "ಕ್ರಮಸಂಖ್ಯೆ ಇಂಥದ್ದರ ವೆಚ್ಚ ನಮ್ಮದು" ಅಂತ ಮಾತ್ರ ಜಂಟಿ ಸಮಿತಿಗೆ ತಿಳಿಸಲಿ. ಉಳಿದವರ ವೆಚ್ಚ ಸದಕಾದಿಂದಲೋ ಬೇರೆ ಸಂಸ್ಥೆಯಿಂದಲೋ ಬರಲಿ.

ಇನ್ನೊಂದು, ಜಕಾತ್ ಬಹುಪಾಲು ರಂಜಾನ್ ತಿಂಗಳಲ್ಲೇ ಬರುತ್ತೆ. ಆಗ ತರಾತುರಿಯಲ್ಲಿ ಖರೀದಿ ಆಗುತ್ತೆ. ಅಳತೆ ಪಟ್ಟಿ ರಂಜಾನ್‌ಗೆ ಹಿಂದಿನ ಶಾಬಾನ್ ತಿಂಗಳೊಳಗೆ ಕೈಗೆ ಬಂದರೆ ಸರಿಯಾದ ಸೈಜಿಗೆ ಆರ್ಡರ್ ಕೊಡಬಹುದು.

ಕಲ್ಪತರು ನಾಡು

ಸರ್ಕಾರ ಕೊಡೋದನ್ನ ನೀವು ಕೊಳ್ಳಬೇಡಿ, ಕೊಡಿಸಿ. ನಿಮ್ಮ ಹಣ ಸರ್ಕಾರ ಕೊಡದಿರೋದಕ್ಕೆ ಉಳಿಯಲಿ.

ಮೊದಲು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಆಸ್ಪತ್ರೆ ಆರಿಸಿ ವೈದ್ಯಕೀಯ ಮಂಡಳಿ ಮುಂದೆ ಹೋಗಬೇಕು. ಕೆಲಸ ಕೆಡೋದು ಸಣ್ಣ ಕಾರಣಗಳಿಂದ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅರ್ಜಿಗೆ ಸೈಬರ್ ಸೆಂಟರ್‌ನವನ ಮೊಬೈಲ್ ನಂಬರ್ ಹಾಕಿರ್ತಾರೆ, ಮುಂದೆ ಒಟಿಪಿ, ಕರೆ ಎಲ್ಲ ಅವನಿಗೇ ಹೋಗುತ್ತೆ. ಬುದ್ಧಿಮಾಂದ್ಯತೆಗೆ ಮನಶ್ಶಾಸ್ತ್ರಜ್ಞರ ಪರೀಕ್ಷೆ, ಕಿವಿಗೆ ಆಡಿಯೋಗ್ರಾಂ (ಎಷ್ಟು ಕೇಳುತ್ತೆ ಅಂತ ತೋರಿಸೋ ಪರೀಕ್ಷೆಯ ನಕ್ಷೆ) ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇಲ್ಲದಿದ್ದರೆ ಜನ ಎರಡು ಮೂರು ಸಲ ಅಲೆದು ಬಿಟ್ಟುಬಿಡ್ತಾರೆ. ಒಂದು ಸಂಸ್ಥೆ ವಾಹನ ಕೊಟ್ಟು, ಪರೀಕ್ಷೆ ಇರೋ ದಿನವೇ ಎಂಟು ಹತ್ತು ಜನರನ್ನ ಒಟ್ಟಿಗೆ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋದರೆ ಅದು ಒಂದು ಲಾರಿ ಟ್ರೈಸಿಕಲ್ ಹಂಚಿದ್ದಕ್ಕಿಂತ ದೊಡ್ಡ ಕೆಲಸ.

ಸಾಧನಗಳಿಗೆ ಕೇಂದ್ರದ ಅಡಿಪ್ ಯೋಜನೆ ಇದೆ, ಕೇಂದ್ರ ಸರ್ಕಾರದ ಕಂಪನಿ ಅಲಿಮ್ಕೊ ತಯಾರಿಸಿ ಕೊಡುತ್ತೆ. ತಿಂಗಳ ಆದಾಯ 22,500 ರೂಪಾಯಿವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಒಮ್ಮೆ ಪಡೆದರೆ ಮೂರು ವರ್ಷ ಮತ್ತೆ ಇಲ್ಲ. ಮಕ್ಕಳು ಬೇಗ ಬೆಳೀತಾರಾದ್ದರಿಂದ 12 ವರ್ಷದೊಳಗಿನವರಿಗೆ ಆ ಅವಧಿ ಒಂದು ವರ್ಷ. ಗ್ರಾಮ ಪಂಚಾಯಿತಿಯಲ್ಲಿ ಶೇ. 5 ಹಣ ವಿಕಲಚೇತನರಿಗೆ ಮೀಸಲಿದೆ, ಕ್ರಿಯಾಯೋಜನೆ ಮಾಡುವಾಗಲೇ ಅರ್ಜಿ ಹೋಗಿರಬೇಕು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರೋರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷದವರೆಗೆ ಇದೆ. ಅದರಲ್ಲಿ ಹೊರರೋಗಿ ಥೆರಪಿ ಖರ್ಚೂ ಸೇರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಪಟ್ಟಿ ಮಾಡೋಕೆ ಹೊಸದಾಗಿ ಮನೆಮನೆ ಸಮೀಕ್ಷೆ ಬೇಡ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ವಿ.ಆರ್.ಡಬ್ಲ್ಯೂ., ಅವರ ಹತ್ತಿರ ಹೆಸರುಗಳಿವೆ. ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂ.ಆರ್.ಡಬ್ಲ್ಯೂ., ಅವರನ್ನ ಮೊದಲ ಸಭೆಗೇ ಕರೆಯಿರಿ. ಬಹುತೇಕ ಅವರೂ ವಿಕಲಚೇತನರೇ, ಮೆಟ್ಟಿಲಿಲ್ಲದ ಕೋಣೆಯಲ್ಲಿ ಸಭೆ ಇಡಿ.

ಕಿವಿಮಾತು

ಶ್ರವಣ ಸಾಧನ ವೇದಿಕೆ ಮೇಲೆ ಹಂಚೋ ವಸ್ತು ಅಲ್ಲ. ಆಡಿಯೋಗ್ರಾಂ ನೋಡಿ, ಆ ಕಿವಿಗೆ ಬೇಕಾದಷ್ಟೇ ಶಬ್ದಕ್ಕೆ ಹೊಂದಿಸಬೇಕು. ಎಲ್ಲರಿಗೂ ಒಂದೇ ಮಟ್ಟದಲ್ಲಿ ಕೊಟ್ಟರೆ ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ, ಮಾತು ಮಾತ್ರ ತಿಳಿಯಲ್ಲ, ಮೂರನೇ ದಿನಕ್ಕೆ ಪೆಟ್ಟಿಗೆ ಸೇರುತ್ತೆ.

ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಲೇಬೇಕು. ಮೋಲ್ಡ್ ಸಡಿಲ ಇದ್ದರೆ ಕೀಂ ಅಂತ ಕೂಗುತ್ತೆ, ಜನ ಮಷಿನ್ ಕೆಟ್ಟಿದೆ ಅಂತ ತಿಳೀತಾರೆ. ಮಕ್ಕಳ ಕಿವಿ ಬೆಳೆಯೋದರಿಂದ ಕೆಲವು ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು. ಬ್ಯಾಟರಿ ಝಿಂಕ್-ಏರ್ ಜಾತಿಯದು, ಹಿಂಬದಿ ಚೀಟಿ ಕಿತ್ತ ಕ್ಷಣದಿಂದ ಖರ್ಚಾಗೋಕೆ ಶುರು. ಚೀಟಿ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಮತ್ತೆ ಅಂಟಿಸಿದರೆ ಉಳಿಯಲ್ಲ. 13 ಮತ್ತು 675 ಅಂತ ಸೈಜುಗಳಿವೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಹಳ್ಳಿಯಲ್ಲಿ ಇವು ಸಿಗಲ್ಲ, ಸಾಧನ ಸಾಯೋದು ಇಲ್ಲಿಯೇ. ಸಿರಾ ಸೀಮೆ ಭಾಯ್, ತಿಂಗಳ ಬ್ಯಾಟರಿಯನ್ನ ಅರ್ಹರಿಗೆ ಜಕಾತ್‌ನಿಂದ ಕೊಡಬಹುದಾ ಅಂತ ನಿಮ್ಮ ಹಿರಿಯರನ್ನ ಕೇಳಿ. ಅದು ಕೈಗೇ ಸೇರೋ ವಸ್ತು.

ಹಸುಗೂಸು ಸದ್ದಿಗೆ ತಿರುಗದಿದ್ದರೆ ಶಿಬಿರಕ್ಕೆ ಕಾಯಬೇಡಿ, ಹಸುಗೂಸುಗಳ ಶ್ರವಣ ಶಕ್ತಿ ನೋಡೋ ಬೆರಾ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪೂರ್ತಿ ವ್ಯವಸ್ಥೆ ಇದೆ. ಮಾತು ಕಲಿಯೋ ಮೊದಲ ಮೂರು ವರ್ಷ ಕಳೆದರೆ ಆಮೇಲೆ ಕಷ್ಟ ಹೆಚ್ಚು.

ಏಕಶಿಲೆ

ಕೃತಕ ಕಾಲಿನ ಶಿಬಿರಕ್ಕೆ ಒಂದು ತಿಂಗಳ ಪೂರ್ವಸಿದ್ಧತೆ ಬೇಕು, ಅದನ್ನ ಯಾರೂ ಮಾಡಲ್ಲ. ಜೈಪುರ ಕಾಲನ್ನ ಒಂದೆರಡು ದಿನದಲ್ಲಿ ಜೋಡಿಸಿ ನಡೆಸಿ ಕಳಿಸ್ತಾರೆ ನಿಜ. ಆದರೆ ಸ್ಟಂಪ್, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ, ತಯಾರಿರಬೇಕು. ಊತ ಇಳಿಯದಿದ್ದರೆ ಅದು ಕೂರೋ ಸಾಕೆಟ್ ಇವತ್ತು ಬಿಗಿಯಾಗಿದ್ದರೂ ಆರು ವಾರಕ್ಕೆ ಲಟಪಟ ಅನ್ನುತ್ತೆ. ಗಾಯ ಇದ್ದರೆ ವಾಪಸ್ ಕಳಿಸ್ತಾರೆ, ಆ ಮನುಷ್ಯ ಪಾವಗಡದ ಹಳ್ಳಿಯಿಂದ ಬಾಡಿಗೆ ಗಾಡಿ ಮಾಡ್ಕೊಂಡು ಬಂದಿರ್ತಾನೆ.

ಮಂಡಿ ಕೆಳಗೆ ಕತ್ತರಿಸಿದ್ದರೆ 4 ಇಂಚಿನ ಕ್ರೇಪ್ ಬ್ಯಾಂಡೇಜ್, ತೊಡೆಯಲ್ಲಾದರೆ 6 ಇಂಚು. ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಬಳೆ ತರಹ ಸುತ್ತಿದರೆ ರಕ್ತ ತುದಿಯಲ್ಲಿ ನಿಂತು ಊತ ಹೆಚ್ಚುತ್ತೆ. ದಿನಕ್ಕೆ ನಾಲ್ಕೈದು ಸಲ ಬಿಚ್ಚಿ ಸುತ್ತಬೇಕು. ಮಂಡಿ ಕೆಳಗೆ ದಿಂಬಿಡೋದು ಮನೆಯವರ ಪ್ರೀತಿ, ಅದರಿಂದಲೇ ಮಂಡಿ ಮಡಚಿಕೊಂಡು ನಿಂತುಬಿಡುತ್ತೆ. ದಿನಕ್ಕೆರಡು ಸಲ ಅರ್ಧ ಗಂಟೆ ಬೋರಲು ಮಲಗಿಸಿ. ಚರ್ಚ್‌ನ ಫಿಸಿಯೋ ಈ ಒಂದು ತಿಂಗಳು ಮನೆಗೆ ಹೋಗಲಿ, ಆಮೇಲೆ ಜೈನ ಸಂಘದ ಶಿಬಿರ ಬರಲಿ. ಈ ಎರಡು ಕೊಂಡಿ ಸೇರಿದರೆ ಸಾಕು, ಮೂಲೆ ಸೇರೋ ಕಾಲುಗಳು ನಡೆಯೋಕೆ ಶುರು ಮಾಡ್ತವೆ.

ಪೆನ್ನೆಯಾಚೆ

ಪಾವಗಡದವರನ್ನ ಮಧುಗಿರಿಗೆ, ತುಮಕೂರಿಗೆ ಕರೆಸಬೇಡಿ. ತುಮಕೂರಿಗೆ ಸುಮಾರು 100 ಕಿ.ಮೀ., ಬಹುತೇಕ ಸುತ್ತಲೂ ಆಂಧ್ರ. ಮಧುಗಿರಿಯಲ್ಲಿ ಒಂದು, ಪಾವಗಡದಲ್ಲಿ ಒಂದು, ಹೀಗೆ ಎರಡು ಕೇಂದ್ರ ಮಾಡಿ.

ಇಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮ ಸ್ವಾಮಿ ಜಪಾನಂದರ ನೇತೃತ್ವದಲ್ಲಿ ಕುಷ್ಠರೋಗ, ಕ್ಷಯ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಬಹುಕಾಲದಿಂದ ಕೆಲಸ ಮಾಡ್ತಿದೆ. ಹೊಸದು ಕಟ್ಟೋ ಮೊದಲು ಅವರನ್ನ ಹೋಗಿ ಕಾಣಿ. ಕುಷ್ಠದಿಂದ ಗುಣವಾದವರೂ ಕಾಯ್ದೆಯ 21 ಬಗೆಯೊಳಗೆ ಬರ್ತಾರೆ, ಆದರೆ ಟ್ರೈಸಿಕಲ್ ಪಟ್ಟಿಗಳಲ್ಲಿ ಅವರ ಹೆಸರೇ ಇರಲ್ಲ.

ಅವರಿಗೆ ಬೇಕಾದ್ದು ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ. ಒಳಗೆ ಮೆತ್ತನೆ ರಬ್ಬರ್ ಅಟ್ಟೆ, ಕೆಳಗೆ ಮುಳ್ಳು ತೂರದ ಗಟ್ಟಿ ತಳ, ಹಿಮ್ಮಡಿಗೆ ಪಟ್ಟಿ. ಒಂದು ಮೊಳೆಯನ್ನೂ ಹೊಡೆಯಬಾರದು, ಅಂಟು ಮತ್ತು ಹೊಲಿಗೆ ಮಾತ್ರ. ಪಾದದಲ್ಲಿ ಸ್ಪರ್ಶವಿಲ್ಲ, ಮೊಳೆ ಮೇಲೆದ್ದರೆ ಸಂಜೆ ರಕ್ತ ಕಂಡಾಗಲೇ ಗೊತ್ತಾಗೋದು. ಹೆಬ್ಬೆರಳು ಸಿಕ್ಕಿಸೋ ಉಂಗುಷ್ಠ ಚಪ್ಪಲಿ ಬೇಡ, ಬೆರಳ ಸಂದಿಯಲ್ಲಿ ಹುಣ್ಣಾಗುತ್ತೆ. ನೋಡಿದ ಕೂಡಲೇ "ಇದು ಆ ಕಾಯಿಲೆಯವರ ಚಪ್ಪಲಿ" ಅಂತ ಗುರುತಾಗೋ ಹಾಗಿದ್ದರೆ ಯಾರೂ ಹಾಕಲ್ಲ, ಪೇಟೆಯಲ್ಲಿ ಎಲ್ಲರೂ ಹಾಕೋ ಮಾದರಿ, ಬಣ್ಣದಲ್ಲೇ ಮಾಡಿಸಿ. ಊರಿನ ಚಮ್ಮಾರಿಕೆ ಬಲ್ಲವರಿಗೆ ತರಬೇತಿ ಕೊಟ್ಟರೆ ಅವರಿಗೂ ಕೆಲಸ ಆಗುತ್ತೆ.

ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಸಮಸ್ಯೆಯನ್ನೂ ಮರೀಬೇಡಿ. ಬೆನ್ನು, ಮಂಡಿ ಬಿಗಿದು ಬಗ್ಗಿಹೋದವರಿಗೆ ಊರುಗೋಲು ಕೊಟ್ಟು, ಅದೇ ನೀರು ಕುಡಿಸಿದರೆ ಅರ್ಧ ಕೆಲಸ. ಆ ಮನೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಲುಪಿಸೋದು ಯಾವ ಸಂಸ್ಥೆಯಾದರೂ ಮಾಡಬಹುದು.

ಶಿಂಷಾ ತೀರ

ದೇವಸ್ಥಾನ, ಮಸೀದಿ, ಚರ್ಚ್ ತಮ್ಮ ಬಾಗಿಲನ್ನೇ ಮೊದಲು ನೋಡ್ಕೊಳ್ಳಲಿ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ 18 ಇಂಚು. 1:12 ಲೆಕ್ಕಕ್ಕೆ, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದಂತೆ, 18 ಅಡಿ ಉದ್ದದ ರ‍್ಯಾಂಪ್ ಬೇಕು. ಮೇಸ್ತ್ರಿ ಜಾಗ ನೋಡಿ 6 ಅಡಿಯಲ್ಲಿ ಮುಗಿಸ್ತಾನೆ. ಅದರಲ್ಲಿ ತಳ್ಳೋರೂ ಜಾರ್ತಾರೆ, ಕೂತೋರೂ ಹಿಂದಕ್ಕೆ ಉರುಳ್ತಾರೆ. ಜಾಗ ಇಲ್ಲದಿದ್ದರೆ ಮಧ್ಯೆ 5 ಅಡಿ ಸಮತಟ್ಟು ಬಿಟ್ಟು ತಿರುಗಿಸಿ. ಅಗಲ 4 ಅಡಿ, ಎರಡೂ ಬದಿ ಹಿಡಿಕೆ 760 ಮತ್ತು 900 ಮಿ.ಮೀ. ಎತ್ತರದಲ್ಲಿ. ನುಣುಪು ಗ್ರಾನೈಟ್ ಬೇಡ, ಒರಟು ಕಾಂಕ್ರೀಟು ಸಾಕು. ಶೌಚಾಲಯದ ಬಾಗಿಲು ಹೊರಗೆ ತೆರೆಯಲಿ, ಒಳಗೆ ಬಿದ್ದವರನ್ನ ಎತ್ತೋಕೆ ಅದೇ ದಾರಿ.

ಪಾದರಕ್ಷೆ ವಿಷಯ ಸೂಕ್ಷ್ಮ. ಜೈಪುರ ಕಾಲಲ್ಲಿ ಬರಿಗಾಲಿನಂತೆ ನಡೆಯಬಹುದು. ಆದರೆ ಬಲವಿಲ್ಲದ ಕಾಲಿಗೆ ಆಸರೆಯಾಗಿ ಕಟ್ಟೋ ಕ್ಯಾಲಿಪರ್ ಬೂಟಿಗೇ ಜೋಡಿಸಿರುತ್ತೆ, ಬೂಟು ಬಿಚ್ಚಿದರೆ ಆತ ನಿಲ್ಲಲಾರ. ಬೂಟಿನ ಮೇಲೆ ತೊಡಿಸೋಕೆ ಒಗೆದ ಬಟ್ಟೆ ಚೀಲ ಬಾಗಿಲಲ್ಲಿಡಿ, ಅಥವಾ ಒಳಗೆ ಮಾತ್ರ ಓಡಾಡೋ ಒಂದು ವೀಲ್‌ಚೇರ್ ಇಡಿ. ಕಾಲು ತೊಳೆಯೋ ಜಾಗದ ಒದ್ದೆ ಕಲ್ಲಿನ ಮೇಲೆ ಊರುಗೋಲು ಜಾರುತ್ತೆ, ರಬ್ಬರ್ ತುದಿ ಸವೆದಿದ್ದರಂತೂ ಹೇಳೋದೇ ಬೇಡ. ನಮಾಜಿಗೆ ಮುಂಚೆ ಕೈಕಾಲು ತೊಳೆಯೋ (ವುಜೂ) ಕಡೆ ಒಂದೂವರೆ ಅಡಿ ಎತ್ತರದ ಕಟ್ಟೆ, ಪಕ್ಕದಲ್ಲಿ ಗೋಡೆಗೆ ಹಿಡಿಕೆ ಇರಲಿ.

ಜಯಮಂಗಲಿ

ಎಲ್ಲರಿಗೂ ಶರಣು. ಎರಡು ಪ್ರಶ್ನೆ ಉಳಿದಿವೆ. ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಆಶೀರ್ವಚನ, ಬ್ಯಾನರ್, ಫೋಟೋ ಇವನ್ನ ಹೇಗೆ ನಿಭಾಯಿಸೋದು? ರಿಪೇರಿ ಶೆಡ್ ಯಾರದು?

ಸಿರಾ ಸೀಮೆ

ಅಳತೆ, ಚಿಕಿತ್ಸೆ, ವಿತರಣೆ ನಡೆಯೋ ದಿನ ಯಾವ ಧರ್ಮದ ಪ್ರಾರ್ಥನೆಯೂ ಬೇಡ, ಪುಸ್ತಕ ಹಂಚೋದೂ ಬೇಡ. ಸ್ವಾಮೀಜಿ, ಇಮಾಮ್ ಸಾಹೇಬ್, ಫಾದರ್ ಬಂದು ಜನರ ಜೊತೆ ಕೂತು ಮಾತಾಡಲಿ, ಅದೇ ಗೌರವ. ಸಹಾಯಕ್ಕೆ ಬಂದವರ ಮನಸ್ಸಲ್ಲಿ "ಇದಕ್ಕೆ ಬದಲಿಗೆ ಏನೋ ಕೇಳ್ತಾರೆ" ಅನ್ನೋ ಅನುಮಾನ ಒಂದು ಸಲ ಬಂದರೆ ಮುಂದಿನ ಸಲ ಆ ಬೀದಿಯೇ ಬರಲ್ಲ. ಫೋಟೋ ಬೇಕಾದರೆ ಕುರ್ಚಿಯದು, ಶೆಡ್ಡಿನದು ತೆಗೀರಿ. ದಾನಿಗೆ ಬಿಲ್ಲು ಮತ್ತು ಆರು ತಿಂಗಳ ನಂತರ ಎಷ್ಟು ಬಳಕೆಯಲ್ಲಿವೆ ಅನ್ನೋ ವರದಿ ಕೊಡಿ.

ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಸಮಯ ಬಿಟ್ಟು ದಿನ ಗೊತ್ತು ಮಾಡಿ. ಊಟ ಮಠದ ಅಡುಗೆಮನೆಯಿಂದ ಬಂದರೆ ಎಲ್ಲರೂ ಉಣ್ತಾರೆ. ಜೈನರಿಗೆ ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಒಂದು ಸಾರು ಬೇರೆ ಇಟ್ಟರೆ ಆಯ್ತು. ಹೆಣ್ಣುಮಕ್ಕಳ ಅಳತೆಗೆ ಪರದೆ ಮತ್ತು ಹೆಣ್ಣು ಫಿಸಿಯೋ ಇರಲೇಬೇಕು.

ಕಲ್ಪತರು ನಾಡು

ಪಟ್ಟಿಯನ್ನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಧಾರ್ ಪ್ರತಿ ಕೂಡಿಡಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಒಬ್ಬರ ಹೊಣೆಯಲ್ಲಿ ಒಂದೇ ಕಡತ ಇರಲಿ. ಸಹಿ ಅಥವಾ ಹೆಬ್ಬೆಟ್ಟಿನ ಒಪ್ಪಿಗೆ ಇಲ್ಲದೆ ಹೆಸರು ಸೇರಿಸಬೇಡಿ, ಮಕ್ಕಳಾದರೆ ಪೋಷಕರದು. ಕಾಲಂ ಇಷ್ಟು ಸಾಕು: ಕ್ರಮಸಂಖ್ಯೆ, ಪಂಚಾಯಿತಿ, ವೈಕಲ್ಯ, ಯುಡಿಐಡಿ ಇದೆಯೋ ಇಲ್ಲವೋ, ಈಗಿರುವ ಸಾಧನ ಮತ್ತು ಅದು ಸಿಕ್ಕ ವರ್ಷ, ಅಗತ್ಯ, ಯಾರ ಹೊಣೆ, ಮುಂದಿನ ಭೇಟಿ. "ಈಗಿರುವ ಸಾಧನ" ಕಾಲಂ ತುಂಬಿದರೆ ಒಂದೇ ಮನೆಗೆ ಮೂರು ಟ್ರೈಸಿಕಲ್ ಹೋಗೋದು ತಾನಾಗಿ ನಿಲ್ಲುತ್ತೆ.

ಗಾಲಿ ಮೆಕ್ಯಾನಿಕ್

ಶೆಡ್ಡು ಬಸ್ ನಿಲ್ದಾಣಕ್ಕೆ ಹತ್ತಿರ ಇರೋರು ಕೊಡಲಿ, ಯಾರಾದರೂ ಸರಿ. ಟ್ರೈಸಿಕಲ್ ಚೈನು, ಫ್ರೀವೀಲು, ಬ್ರೇಕ್ ರಬ್ಬರ್ ಬಹುತೇಕ ಸೈಕಲ್ ಶಾಪಿನದೇ ಹೊಂದುತ್ತೆ. ಊರಿನ ಸೈಕಲ್ ಶಾಪಿನವರಿಗೇ ತಿಂಗಳಿಗೆರಡು ದಿನದ ಕೂಲಿ ಗೊತ್ತು ಮಾಡಿ. ಗಾಲಿ ಬೇರಿಂಗ್ ನಂಬರ್ ಅದರ ಮೇಲೇ ಕೆತ್ತಿರುತ್ತೆ, ಅದನ್ನ ಹೇಳಿದರೆ ಅಂಗಡಿಯಲ್ಲಿ ಸಿಗುತ್ತೆ. ಸ್ಟಾಕ್ ಇಡಬೇಕಾದ್ದು ಊರುಗೋಲಿನ ರಬ್ಬರ್ ತುದಿ, ಮುಂಗಾಲಿ, ಸೀಟಿನ ರೆಕ್ಸಿನ್, ಕಾಲು ತಟ್ಟೆ, ಬ್ರೇಕ್ ಲಿವರ್. ರೆಕ್ಸಿನ್ ಜೋತುಬಿದ್ದ ಕುರ್ಚಿಯನ್ನ ಜನ ದಿಂಬು ಹಾಕಿ ಓಡಿಸ್ತಾರೆ, ಸೊಂಟ ಸೊಟ್ಟ ಆಗೋದು ಅದರಿಂದಲೇ. ಅದನ್ನ ಕಂಡ ದಿನವೇ ಬದಲಾಯಿಸಿ.

ಜಯಮಂಗಲಿಯವರೇ, ಡಿಸೆಂಬರ್ 3ಕ್ಕೆ ಹೊಸ ಕುರ್ಚಿ ವಿತರಣೆ ಇಟ್ಟುಕೊಳ್ಳಬೇಡಿ. ಆ ದಿನ ಮಧುಗಿರಿಯಲ್ಲಿ ಹಳೆಯವನ್ನೆಲ್ಲ ತರಿಸಿ ಉಚಿತ ರಿಪೇರಿ ಇಡಿ. ಬಂದವರ ಅಳತೆ ಅಲ್ಲೇ ತಗೊಂಡರೆ ಸಿರಾ ಸೀಮೆಯವರು ಕೇಳಿದ ಪಟ್ಟಿ ರಂಜಾನ್‌ಗೆ ಮುಂಚೆ ಸಿದ್ಧವಾಗುತ್ತೆ. ಅಳತೆಯ ನಮೂನೆ ನನ್ನಲ್ಲಿದೆ, ಇಲ್ಲೇ ಹಾಕ್ತೀನಿ. ಎರಡು ಗಟ್ಟಿ ಬೆಂಚು ಮತ್ತು ಟೇಪು ಹಿಡಿಯೋರು ನಾಲ್ಕು ಜನ ಬೇಕು.